ಕೊನೆಗೂ ನೀರು ಚಿಮ್ಮಿತು

ಅಪ್ಪನ ಹಳೇ ಔಟ್‌ಬೋರ್ಡ್ ಇಂಜಿನ್ನು, ಅದೇ ದೋಣಿ ಹಿಂದೆ ಸಿಕ್ಕಿಸ್ತಾರಲ್ಲ ಅದು, ಇವತ್ತು ಸ್ಟಾರ್ಟ್ ಆಯ್ತು ಕಣ್ರೋ!

ಹಿತ್ತಲಲ್ಲಿ ಡ್ರಮ್ಮಿಗೆ ನೀರು ತುಂಬಿ, ಇಂಜಿನ್ನಿನ ಕೆಳಭಾಗ ಅದ್ರಲ್ಲಿ ಮುಳುಗಿಸಿ, ಪೆಟ್ರೋಲಿಗೆ ಟೂ ಸ್ಟ್ರೋಕ್ ಆಯಿಲ್ ಬೆರೆಸಿ ಹಗ್ಗ ಎಳೀತಾನೇ ಇದ್ದೆ, 14ನೇ ಸಲಕ್ಕೆ ಕೆಮ್ಮಿ ಎದ್ದು ಕೂತ್ಕೊಳ್ತು. ಆಮೇಲೆ ಹಿಂದಿನ ಸಣ್ಣ ತೂತಿಂದ ದಾರದಷ್ಟು ತೆಳ್ಳಗೆ ನೀರು ಬಂತು ನೋಡಿ... ಪಂಪು ಕೆಲಸ ಮಾಡ್ತಿದೆ, ಇಂಜಿನ್ ತಣ್ಣಗಾಗ್ತಿದೆ ಅಂತ ಅರ್ಥ. ಕಣ್ಣು ತುಂಬಿ ಬಂತು.

ಹೋದ ವಾರ ಬಿಚ್ಚಿದಾಗ ಪಂಪಿನೊಳಗೆ ತಿರುಗಿ ನೀರು ತಳ್ಳೋ ಚಕ್ರ, ಅಂದ್ರೆ ಇಂಪೆಲ್ಲರಿನ ರಬ್ಬರ್ ರೆಕ್ಕೆಗಳೆಲ್ಲ ಒಂದೇ ಕಡೆ ಬಾಗ್ಕೊಂಡು ಮರದ ಥರ ಗಟ್ಟಿಯಾಗಿದ್ವು, ಉಗುರಲ್ಲಿ ಒತ್ತಿದ್ರೆ ಬಿರುಕು. ಓಡಿ ಸವೆದಿದ್ದಲ್ಲ ಅದು, ವರ್ಷಗಟ್ಟಲೆ ಸುಮ್ನೆ ನಿಂತಿದ್ದಕ್ಕೇ ಹಾಗಾಗಿದ್ದು. ಹೊಸದು ಹಾಕ್ದೆ, ಹಳೇದನ್ನ ಎಸೆಯೋಕೆ ಮನಸ್ಸು ಬರ್ಲಿಲ್ಲ, ಕಿಟಕಿ ಮೇಲಿದೆ.

ದೋಣಿ ಕೆಲಸ ಇನ್ನೂ ಇದೆ, ತಳದ ಎರಡು ಹಲಗೆ ಹೋಗಿದೆ.

ಹೇಮಾವತಿ ಹಿನ್ನೀರು ತುಂಬಿ ಶೆಟ್ಟಿಹಳ್ಳಿ ಚರ್ಚು ಅರ್ಧ ಮುಳುಗಿರೋವಾಗ ಅಪ್ಪ ದೂರದಲ್ಲೇ ಇಂಜಿನ್ ಆಫ್ ಮಾಡೋರು, ಗೋಡೆಗೆ ನೀರು ಬಡಿಯೋ ಸದ್ದು ಕೇಳ್ಲಿ ಅಂತ.

ಹೊಗೆ ಅಡುಗೆಮನೆವರೆಗೂ ಹೋಗಿತ್ತು. ಅಮ್ಮ ಬೈತಾರೆ ಅನ್ಕೊಂಡ್ರೆ, ಬಾಗ್ಲಲ್ಲಿ ನಿಂತು "ಅದೇ ವಾಸ್ನೆ" ಅಂದ್ರು.