ಡೆಲ್ಟಾ ಎಲ್ಲಿಂದ ಬಂತು?

ಮಂಗಳವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಅದೆಲ್ಲಾ ಸರಿ ಕಣೋ, ಆ ಡೆಲ್ಟಾ ಎಲ್ಲಿಂದ ಬಂತು ಹೇಳು." ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿನ ಗಣಿತ ವಿಭಾಗದಲ್ಲಿ ಒಬ್ಬ ಹುಡುಗಿ ತನ್ನ ಜೊತೆಯವನನ್ನು ಕೇಳಿದ್ದು ಅದು.

ನಾನು ಹೋಗಿದ್ದು ಎಂ.ಎಸ್ಸಿ. ಸೀಟು ವಿಚಾರಿಸಲು. ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಜ್ಯಾಮ್ ಅನ್ನೋ ಪ್ರವೇಶ ಪರೀಕ್ಷೆ ಬರೆದಿದ್ದೆ, ರ‍್ಯಾಂಕ್ ಸಾಲಲಿಲ್ಲ. ಮೈಸೂರು ರಸ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಅಂದರೆ ಐಎಸ್‌ಐನಲ್ಲಿ ಎಂ.ಮ್ಯಾಥ್‌ಗೆ ಅವರದೇ ಪ್ರವೇಶ ಪರೀಕ್ಷೆ. ಅಲ್ಲೂ ಆಗಲಿಲ್ಲ. ಆ ಬೇಜಾರು ಇನ್ನೂ ಇದೆ. ಉಳಿದದ್ದು ವಿಶ್ವವಿದ್ಯಾಲಯ. ಬೆಂಗಳೂರು ವಿವಿ 2017ರಲ್ಲಿ ಮೂರು ಪಾಲಾದ ಮೇಲೆ ಜ್ಞಾನಭಾರತಿಯೋ, ಸೆಂಟ್ರಲ್ ಕಾಲೇಜಿನ ನಗರ ವಿವಿಯೋ ಅನ್ನೋದೂ ಒಂದು ಯೋಚನೆ.

ಮನೆಯಲ್ಲಿ ಬೇರೆಯದೇ ಮಾತು. ಚಿಕ್ಕಪ್ಪನಿಗೆ ನಾನು ಡೇಟಾ ಸೈನ್ಸ್ ಓದಬೇಕು. ಒಳ್ಳೇ ಮನುಷ್ಯ, ಆದರೆ ಎದುರಿಗಿರುವವರು ಮಾತು ಮುಗಿಸುವವರೆಗೆ ಕಾಯುವುದಿಲ್ಲ. ಅಪ್ಪನಿಗೆ ಬಿ.ಎಡ್. ಆದರೆ ನೆಮ್ಮದಿ.

ವಿಭಾಗದ ಆಫೀಸಿನವರು ಊಟಕ್ಕೆ ಹೋಗಿದ್ದರು. ಸುಮ್ನೆ ಕಾರಿಡಾರಿನಲ್ಲಿ ನಿಂತಿದ್ದೆ. ಪಕ್ಕದ ಕ್ಲಾಸಿನಲ್ಲಿ ಮೇಷ್ಟ್ರಿಲ್ಲ. ಇಬ್ಬರೇ ಬೋರ್ಡಿನ ಮುಂದೆ. ಕಾಂಪ್ಯಾಕ್ಟ್ ಸೆಟ್ (ಎರಡೂ ತುದಿ ಸೇರಿದ ಇಂಟರ್ವಲ್ ಥರದ್ದು) ಮೇಲೆ ಕಂಟಿನ್ಯುಯಸ್ ಆದ ಫಂಕ್ಷನ್ ಯೂನಿಫಾರ್ಮ್ ಆಗಿಯೂ ಕಂಟಿನ್ಯುಯಸ್ ಅನ್ನೋ ಪ್ರಮೇಯ. ಬಿಂದುವಿನಿಂದ ಡೆಲ್ಟಾಗಿಂತ ಕಡಿಮೆ ಸರಿದರೆ ಫಂಕ್ಷನ್ನಿನ ಬೆಲೆ ನಾವು ಹೇಳಿದಷ್ಟಕ್ಕಿಂತ ಹೆಚ್ಚು ಬದಲಾಗಬಾರದು; ಯೂನಿಫಾರ್ಮ್ ಅಂದರೆ ಎಲ್ಲಾ ಬಿಂದುಗೂ ಒಂದೇ ಡೆಲ್ಟಾ ಸಾಕು. ಹುಡುಗ ಅರ್ಧ ಬೋರ್ಡು ತುಂಬಿಸಿದ್ದ. ಆಗ ಅವಳು ಕೇಳಿದ್ದು, ಡೆಲ್ಟಾ ಎಲ್ಲಿಂದ ಬಂತು ಅಂತ.

ಅವನು ಸುಮ್ಮನಾದ. ಅವಳು ಚಾಕ್‌ಪೀಸ್ ಇಸಿದುಕೊಂಡು ಸೊನ್ನೆಗೂ ಒಂದಕ್ಕೂ ನಡುವೆ ಒಂದು ಬೈ ಎಕ್ಸ್‌ನ ಗೆರೆ ಎಳೆದಳು. ಸೊನ್ನೆಯ ಹತ್ತಿರ ಅದು ಬೋರ್ಡಿನ ಚೌಕಟ್ಟಿನವರೆಗೂ ಏರಿತು. "ನೋಡು, ಈ ಕಡೆ ಬಂದಷ್ಟೂ ಡೆಲ್ಟಾ ಚಿಕ್ಕದಾಗ್ತಾನೇ ಹೋಗತ್ತೆ. ಎಲ್ಲಾ ಬಿಂದುಗೂ ಆಗೋ ಒಂದು ಡೆಲ್ಟಾ ಇಲ್ಲಿ ಸಿಗೋದೇ ಇಲ್ಲ. ನಿನಗೆ ಹೇಗೆ ಸಿಕ್ತು?"

ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅವನು ಮೆಲ್ಲಗೆ, "ಕಾಂಪ್ಯಾಕ್ಟ್ ಅಲ್ವಾ... ಎಣಿಸಿ ಮುಗಿಯೋ ಅಷ್ಟೇ ಇಂಟರ್ವಲ್‌ನಲ್ಲಿ ಇಡೀ ಸೆಟ್ ಮುಚ್ಚಬಹುದು. ಅವುಗಳ ಡೆಲ್ಟಾಗಳಲ್ಲಿ ಎಲ್ಲಕ್ಕಿಂತ ಚಿಕ್ಕದ್ದು ತಗೊಂಡ್ರೆ..." ಅಂದ. "ಅರ್ಧ ಮಾಡ್ಕೋಬೇಕು," ಅಂದಳು ಅವಳು. ಅವನು ಬರೆದಿದ್ದನ್ನೆಲ್ಲ ಅಂಗೈಯಲ್ಲೇ ಒರೆಸಿ ಮೊದಲಿಂದ ಶುರು ಮಾಡಿದ.

ಈ ಪ್ರಮೇಯ ನನಗೂ ಬಾಯಿಪಾಠ. ಪರೀಕ್ಷೆಯಲ್ಲಿ ಬರೆದು ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ಡಿಗ್ರಿಯ ಮೂರು ವರ್ಷದಲ್ಲಿ ಡೆಲ್ಟಾ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಮೇಷ್ಟ್ರು ನೋಟ್ಸ್ ಹೇಳುತ್ತಿದ್ದರು, ನಾವು ಬರೆಯುತ್ತಿದ್ದೆವು. ಪೋರ್ಷನ್ ಮುಗಿಸುವ ಒತ್ತಡ ಅವರಿಗೆ. ಅವರ ಮೇಲೆ ಕೋಪವಿಲ್ಲ. ಆದರೆ ಅವತ್ತು ಬಾಗಿಲಲ್ಲಿ ನಿಂತಾಗ ನನಗೆ ನಿಜಕ್ಕೂ ಹೊಟ್ಟೆಯುರಿಯಿತು. ತಪ್ಪು ಸಿಕ್ಕಿದ್ದಕ್ಕೆ ಆ ಹುಡುಗನ ಮುಖ ಅರಳಿತ್ತು. ನಾನಾಗಿದ್ದರೆ ಅವಮಾನ ಅಂದುಕೊಳ್ಳುತ್ತಿದ್ದೆ.

ಎರಡು ತಿಂಗಳಿಂದ ರ‍್ಯಾಂಕಿಂಗ್, ಪ್ಲೇಸ್‌ಮೆಂಟ್, ಹಾಸ್ಟೆಲ್ ಅಂತ ಹುಡುಕಿದ್ದೇನೆ. ಸಿಲಬಸ್ಸು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಆಲ್ಜೀಬ್ರಾ, ರಿಯಲ್ ಅನಾಲಿಸಿಸ್, ಟೋಪಾಲಜಿ. ಊಟದ ಹೊತ್ತಲ್ಲಿ ಬೋರ್ಡಿನ ಹತ್ತಿರ ಯಾರಿರುತ್ತಾರೆ ಅಂತ ಮಾತ್ರ ಯಾವ ಪಟ್ಟಿಯಲ್ಲೂ ಇರಲಿಲ್ಲ. ಒಂದೇ ಮಧ್ಯಾಹ್ನ ನೋಡಿ ತೀರ್ಮಾನ ಮಾಡ್ತೀಯಾ ಅಂತ ಚಿಕ್ಕಪ್ಪ ಕೇಳಬಹುದು. ಹೌದು, ಮಾಡ್ತೀನಿ.

ಅವಳು ನನ್ನನ್ನು ನೋಡಿ, "ಅಡ್ಮಿಷನ್ನಾ?" ಅಂದಳು. "ಹೌದಕ್ಕಾ." "ಆಫೀಸ್ ತೆಗೆಯೋದು ಇನ್ನೂ ಅರ್ಧ ಗಂಟೆ. ಒಳಗೆ ಬಾ, ಕೂತ್ಕೋ."

ರಾತ್ರಿ ಅಪ್ಪನಿಗೆ ಎಲ್ಲ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಕರೆಂಟ್ ಬಿಲ್ಲು ತಿರುಗಿಸಿ, ಪೆನ್ನು ನನ್ನ ಕಡೆ ತಳ್ಳಿ, "ಆ ಗೆರೆ ಹೇಗಿತ್ತು, ಒಂಚೂರು ಬರೆದು ತೋರಿಸು," ಅಂದರು.