ಹಡಗಿನಲ್ಲಿ ಸುವಾರ್ತೆ ಸಾರುತ್ತೀರಾ?

ರಜೆಗೆ ಊರಿಗೆ ಬಂದಾಗಲೆಲ್ಲ ಈ ಪ್ರಶ್ನೆ ಎರಡು ಕಡೆಯಿಂದ ಬರುತ್ತದೆ. ಭಾನುವಾರದ ಆರಾಧನೆ ಮುಗಿಯುತ್ತಿದ್ದಂತೆ ಸಭೆಯ ಹಿರಿಯರು ಕೇಳುತ್ತಾರೆ: “ಹಡಗಿನಲ್ಲಿ ಎಷ್ಟು ಮಂದಿಗೆ ಸುವಾರ್ತೆ ಹೇಳಿದ್ದೀರಿ?” ಅದೇ ವಾರ ಶಾಲೆಯ ಹಳೆಯ ಗೆಳೆಯ ಕೇಳುತ್ತಾನೆ: “ಅಲ್ಲಿಯೂ ನಿಮ್ಮ ಪ್ರಚಾರ ಉಂಟೋ ಮಾರಾಯ?” ಹಿರಿಯರಿಗೆ ದೊಡ್ಡ ಸಂಖ್ಯೆ ಬೇಕು, ಗೆಳೆಯನಿಗೆ ಸೊನ್ನೆ ಬೇಕು. ಇಬ್ಬರಿಗೂ ನನ್ನದು ಒಂದೇ ಉತ್ತರ, ಇಬ್ಬರಿಗೂ ಅದು ಅಷ್ಟಾಗಿ ಹಿಡಿಸುವುದಿಲ್ಲ: ಕೇಳಿದವರಿಗೆ ಹೇಳುತ್ತೇನೆ, ಕೇಳದವರಿಗೆ ಹೇಳುವುದಿಲ್ಲ.

ಕಾರಣ ನನ್ನ ಹುದ್ದೆ. ಸರಕು ಹಡಗಿನಲ್ಲಿ ನಾನು ಸೆಕೆಂಡ್ ಎಂಜಿನಿಯರ್. ನಾಲ್ಕರಿಂದ ಎಂಟರವರೆಗಿನ ವಾಚ್, ಅಂದರೆ ಎಂಜಿನ್ ಕಾಯುವ ಪಾಳಿ, ನನ್ನದು; ಜೊತೆಗೆ ಕೈಕೆಳಗಿನ ಕೆಲಸಗಾರನಾಗಿ ಒಬ್ಬ ಆಯಿಲರ್ ಇರುತ್ತಾನೆ. ಅವನ ಕೆಲಸ ಹೇಗಿದೆಯೆಂದು ವರದಿ ಬರೆಯುವವನು ನಾನು. ಮುಂದಿನ ಕಾಂಟ್ರಾಕ್ಟ್ ಸಿಗುವುದೂ ಸಿಗದಿರುವುದೂ ಬಹುಮಟ್ಟಿಗೆ ಆ ವರದಿಯ ಮೇಲೆ ನಿಂತಿರುತ್ತದೆ. ಅಂಥವನ ಮುಂದೆ ನಾನು ಉಪದೇಶಕ್ಕೆ ಕುಳಿತರೆ ಅವನು ಎದ್ದು ಹೋಗುವುದಾದರೂ ಎಲ್ಲಿಗೆ? ಸುತ್ತಲೂ ನೀರು. ಪಾಪ, ತಲೆಯಾಡಿಸುತ್ತಾನೆ. ಊರಿನ ಸಂತೆಯಲ್ಲಿ ಕರಪತ್ರ ಕೊಟ್ಟರೆ ಬೇಡವೆಂದವನು ಅದನ್ನು ಎಸೆದು ಹೋಗಬಹುದು, ಎಂಜಿನ್ ಕೋಣೆಯಲ್ಲಿ ಆ ಸ್ವಾತಂತ್ರ್ಯವಿಲ್ಲ.

“ಹಾಗಾದರೆ ಪೌಲ?” ಎಂದು ಸಭೆಯವರು ಬಿಡದೆ ಕೇಳುತ್ತಾರೆ. ಸರಿ, ಊರೂರಿಗೆ ಸುವಾರ್ತೆ ಸಾರಿದ ಅಪೊಸ್ತಲ ಪೌಲನನ್ನೇ ನೋಡೋಣ. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 27ನೆಯ ಅಧ್ಯಾಯವನ್ನು ನಾನು ಓದುವುದು ಅರ್ಧ ವಿಶ್ವಾಸಿಯಾಗಿ, ಅರ್ಧ ನಾವಿಕನಾಗಿ. ಇಟಲಿಗೆ ಹೊರಟ ಅಲೆಕ್ಸಾಂಡ್ರಿಯದ ಹಡಗು, ಒಳಗೆ ಗೋಧಿ. ಸಮುದ್ರಯಾನದ ಋತು ಮುಗಿಯುತ್ತ ಬಂದಿದೆ, ಈಗ ಕ್ರೇತ ದ್ವೀಪ ಬಿಟ್ಟರೆ ಹಾನಿ ಖಂಡಿತ ಎಂದು ಪೌಲ ಹೇಳುತ್ತಾನೆ. ಸೈನಿಕರೊಂದಿಗಿದ್ದ ರೋಮನ್ ಶತಾಧಿಪತಿ ನಂಬುವುದು ಚುಕ್ಕಾಣಿಯವನನ್ನು ಮತ್ತು ಹಡಗಿನ ಯಜಮಾನನನ್ನು. ಆಮೇಲೆ ಬಿರುಗಾಳಿ. ಹಡಗಿನ ಒಡಲಿಗೆ ಹಗ್ಗ ಸುತ್ತಿ ಬಿಗಿಯುತ್ತಾರೆ, ಸರಕನ್ನು ಸಮುದ್ರಕ್ಕೆಸೆಯುತ್ತಾರೆ. ಹದಿನಾಲ್ಕನೆಯ ರಾತ್ರಿ ಹಗ್ಗಕ್ಕೆ ಗುಂಡು ಕಟ್ಟಿ ನೀರಿಗಿಳಿಸಿ ಆಳ ನೋಡಿದರೆ 20 ಮಾರು, ಸ್ವಲ್ಪ ಮುಂದೆ 15. ನೆಲ ಹತ್ತಿರ! ಹಿಂಭಾಗದಿಂದ ನಾಲ್ಕು ಲಂಗರು ಇಳಿಸುತ್ತಾರೆ. ಇದು ಬಲ್ಲವರ ಕೆಲಸ: ಹಿಂದಿನಿಂದ ಹಿಡಿದಿಟ್ಟರೆ ಮುಂತುದಿ ದಡದ ಕಡೆಗೇ ಇರುತ್ತದೆ, ಬೆಳಗಾದೊಡನೆ ನೇರವಾಗಿ ದಡಕ್ಕೆ ನುಗ್ಗಿಸಬಹುದು. ಅಷ್ಟೇ ಬಲ್ಲ ಆ ನಾವಿಕರು ಮುಂಭಾಗದಲ್ಲೂ ಲಂಗರು ಹಾಕುವ ನೆಪದಲ್ಲಿ ಸಣ್ಣ ದೋಣಿ ಇಳಿಸಿ ಓಡಿಹೋಗಲು ನೋಡುತ್ತಾರೆ. ನಮ್ಮ ವೃತ್ತಿಗೆ ಇದು ಹಳೆಯ ಕಳಂಕ.

ಇಷ್ಟರ ನಡುವೆ ಪೌಲ ಮಾಡುವುದೇನು? ನಾವಿಕರು ಹೋದರೆ ನೀವು ಉಳಿಯಲಾರಿರಿ ಎಂದು ಸೈನಿಕರನ್ನು ಎಚ್ಚರಿಸುತ್ತಾನೆ. ದಿನಗಟ್ಟಲೆ ಉಂಡಿಲ್ಲ, ಊಟ ಮಾಡಿ ಎನ್ನುತ್ತಾನೆ. ಎಲ್ಲರೆದುರು ರೊಟ್ಟಿ ಹಿಡಿದು ದೇವರಿಗೆ ಸ್ತೋತ್ರ ಹೇಳಿ, ಮುರಿದು ತಾನೇ ಮೊದಲು ತಿನ್ನುತ್ತಾನೆ. ತನ್ನ ದೇವರ ದೂತನು ಕಾಣಿಸಿಕೊಂಡು ಯಾರ ಪ್ರಾಣಕ್ಕೂ ಅಪಾಯವಿಲ್ಲವೆಂದು ತಿಳಿಸಿದನೆಂಬುದು ಕೆಲವೇ ಮಾತುಗಳಲ್ಲಿ ಮುಗಿಯುತ್ತದೆ. ಹಡಗಿನಲ್ಲಿದ್ದವರು 276 ಮಂದಿ. ಹಡಗು ಒಡೆದುಹೋಗುತ್ತದೆ; ಕೆಲವರು ಈಜಿ, ಕೆಲವರು ಹಲಗೆ ಹಿಡಿದು, ಎಲ್ಲರೂ ಮಾಲ್ಟಾದ ದಡ ಸೇರುತ್ತಾರೆ. ಅವರಲ್ಲಿ ಎಷ್ಟು ಮಂದಿ ದೀಕ್ಷಾಸ್ನಾನ ಪಡೆದರು? ಅಧ್ಯಾಯದಲ್ಲಿ ಆ ಮಾತೇ ಇಲ್ಲ. ಅಥೆನ್ಸಿನ ಪೇಟೆಯಲ್ಲಿ ಎದುರಾದವರೊಡನೆಲ್ಲ ವಾದಕ್ಕಿಳಿದ ಮನುಷ್ಯ ಇವನೇ ಎಂಬುದನ್ನು ಮರೆಯಬಾರದು.

ಇನ್ನೂ ಮುಖ್ಯವಾದದ್ದು, ಆ ಹಡಗಿನಲ್ಲಿ ಪೌಲ ಕೈದಿ. ಅವನ ಮಾತನ್ನು ತಳ್ಳಿಹಾಕಲು ಯಾರೂ ಹೆದರಬೇಕಿರಲಿಲ್ಲ, ಮೊದಲ ಸಲ ತಳ್ಳಿಯೂ ಹಾಕಿದರು. ನನ್ನ ಸ್ಥಿತಿ ಇದಕ್ಕೆ ಸರಿಯಾಗಿ ತಲೆಕೆಳಗು.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿಗಳು ಬಾರದಿದ್ದರೆ ನೀನೆಲ್ಲಿರುತ್ತಿದ್ದೆ ಎಂಬ ವಾದವೂ ಉಂಟು. ನ್ಯಾಯವಾದ ವಾದ. ಸೂಯೆಜ್ ಕಾಲುವೆ ತೆರೆಯುವುದಕ್ಕೆ 35 ವರ್ಷ ಮೊದಲು, 1834ರಲ್ಲಿ, ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದರು; ನನ್ನ ಸಭೆಯ ಬೇರು ಅಲ್ಲಿದೆ. ಆದರೆ ಅವರು ನೆಲಕ್ಕಿಳಿದು ಸಾರಿದರು, ಜನ ಬಾಗಿಲು ಹಾಕಿಕೊಳ್ಳಬಹುದಿತ್ತು. ಮುಂದೆ, ಮತಾಂತರದಿಂದ ಕುಲಕಸುಬು ಕಳೆದುಕೊಂಡವರಿಗಾಗಿ ನೇಯ್ಗೆ, ಹೆಂಚಿನ ಕಾರ್ಖಾನೆಗಳು ಬಂದ ಮೇಲೆ ಬೋಧಕರೂ ಧಣಿಗಳೂ ಒಂದೇ ಮಿಷನ್ನಿನವರಾದರು. ಆ ಕಾರ್ಖಾನೆಗಳು ಹೊಟ್ಟೆಗೆ ಹಾಕಿದವು, ನಿಜ. ಆದರೂ ಅಲ್ಲಿಂದಾಚೆ ಲೆಕ್ಕ ಅಷ್ಟು ಸರಳವಾಗಿ ಉಳಿಯಲಿಲ್ಲವೆಂದೇ ನನ್ನ ಅಭಿಪ್ರಾಯ.

ನನಗೆ ಮಾದರಿಯಾಗಿ ಕಾಣುವವರು ಬಂದರಿನ ಪಾದ್ರಿಗಳು. 1856ರಲ್ಲಿ ಆರಂಭವಾದ ಮಿಷನ್ ಟು ಸೀಫೇರರ್ಸ್, 1920ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿ ಈಗ ಸ್ಟೆಲ್ಲಾ ಮಾರಿಸ್ ಎನಿಸಿಕೊಂಡಿರುವ ಕ್ಯಾಥೊಲಿಕ್ ಸಂಸ್ಥೆ, ಇಂಥವುಗಳ ಪರವಾಗಿ ಅವರು ಹಡಗಿನ ಏಣಿ, ಅಂದರೆ ಗ್ಯಾಂಗ್‌ವೇ, ಹತ್ತಿ ಬರುತ್ತಾರೆ. ಕೈಯಲ್ಲಿ ಸಿಮ್ ಕಾರ್ಡು, ಚಳಿಯ ಬಂದರಾದರೆ ಉಣ್ಣೆಯ ಟೋಪಿ. ನಿನ್ನ ಧರ್ಮ ಯಾವುದೆಂಬ ವಿಚಾರಣೆಯಿಲ್ಲ. ಪ್ರಾರ್ಥನೆ ಬೇಕೆಂದವರೊಡನೆ ಪ್ರಾರ್ಥಿಸುತ್ತಾರೆ, ಅಂಗಡಿಗೆ ಹೋಗಬೇಕೆಂದವರನ್ನು ವ್ಯಾನಿನಲ್ಲಿ ಕರೆದೊಯ್ಯುತ್ತಾರೆ. 2020ರ ಕೋವಿಡ್ ಕಾಲದಲ್ಲಿ ಸುಮಾರು ನಾಲ್ಕು ಲಕ್ಷ ನಾವಿಕರು ಕಾಂಟ್ರಾಕ್ಟ್ ಮುಗಿದರೂ ಮನೆಗೆ ಹೋಗಲಾಗದೆ ಹಡಗುಗಳಲ್ಲೇ ಸಿಕ್ಕಿಬಿದ್ದಿದ್ದಾಗ, ಮೇಲೆ ಬರಲು ಅನುಮತಿಯಿಲ್ಲದ ಕಡೆ ಗ್ಯಾಂಗ್‌ವೇ ಬುಡದಲ್ಲೇ ಸಾಮಾನಿನ ಪೊಟ್ಟಣ ಇಟ್ಟುಹೋದರು.

ಕೇಳಿದವರಿಗೆ ಹೇಳುತ್ತೇನೆ ಎಂದೆನಲ್ಲ, ಕೇಳುವವರೂ ಇರುತ್ತಾರೆ. ಊಟಕ್ಕೆ ಮೊದಲು ಕಣ್ಣು ಮುಚ್ಚುವುದೇಕೆ ಎಂದು ಆಯಿಲರ್ ಒಬ್ಬ ಕೇಳಿದ. ಆ ಮಾತಿನಿಂದ ಪೌಲನ ಹಡಗಿನವರೆಗೆ ಹೋದೆವು. ಎಲ್ಲ ಕೇಳಿಸಿಕೊಂಡು ಅವನು ಎತ್ತಿದ್ದು ಒಂದೇ ಆಕ್ಷೇಪ: “276 ಜನರನ್ನು ಉಳಿಸಿದ ದೇವರಿಗೆ ಹಡಗನ್ನೂ ಉಳಿಸಲು ಆಗಲಿಲ್ಲವೇ, ಸೆಕೆಂಡ್ ಸಾಬ್?” ಕ್ರೇತದಲ್ಲೇ ನಿಲ್ಲಿ ಎಂದು ಪೌಲ ಮೊದಲೇ ಎಚ್ಚರಿಸಿದ್ದ, ಅವರು ಕೇಳಲಿಲ್ಲ ಎಂದೆ. ಹವಾಮಾನ ವರದಿ ಬಂದರೂ ಕೇಳದ ಕ್ಯಾಪ್ಟನ್‌ಗಳು ಈಗಲೂ ಇದ್ದಾರೆ ಎಂದು ಅವನು ತನ್ನ ಹಿಂದಿನ ಹಡಗಿನ ಕಥೆ ಶುರು ಮಾಡಿದ. ವಾಚ್ ಮುಗಿಯುವವರೆಗೂ ಅದೇ ನಡೆಯಿತು.