ಎಲೆ ಕಾಯುವುದಿಲ್ಲ: ಕಾರಟಗಿಯಿಂದ ಕೋಟಗಿರಿಗೆ

ಡಿಸೆಂಬರ್ ಹೊತ್ತಿಗೆ ಕೊಪ್ಪಳ ಜಿಲ್ಲೆಯ ನಮ್ಮ ಕಾರಟಗಿ ಕಡೆ ಭತ್ತದ ಕೊಯ್ಲು ಮುಗಿದಿರುತ್ತದೆ. ರೈತರಿಗೆ ಸ್ವಲ್ಪ ಪುರುಸೊತ್ತು ಸಿಗುವುದು ಆಗಲೇ. ಕಾಕಾನನ್ನು ಪ್ರವಾಸಕ್ಕೆ ಹೊರಡಿಸಲು ಅದಕ್ಕಿಂತ ಒಳ್ಳೆ ಟೈಮ್ ಇರಲಿಲ್ಲ. ಮೈಸೂರಿನಲ್ಲಿ ಓದುವಾಗ ನನ್ನ ಜೊತೆ ರೂಮಿನಲ್ಲಿದ್ದ ಗೆಳೆಯನದು ನೀಲಗಿರಿಯ ಕೋಟಗಿರಿ ಹತ್ತಿರದ ಹಟ್ಟಿ. ನೀಲಗಿರಿಯ ಬಡಗ ಸಮುದಾಯದವರ ಹಳ್ಳಿಗಳಿಗೆ ಅಲ್ಲಿ ಹಟ್ಟಿ ಅಂತಲೇ ಹೆಸರು. "ಊಟಿ ಎಲ್ಲರೂ ನೋಡ್ತಾರೆ, ನೀನು ನಮ್ಮೂರಿಗೆ ಬಾ" ಎಂದು ಅವನು ವರ್ಷಗಟ್ಟಲೆ ಕರೆಯುತ್ತಲೇ ಇದ್ದ.

ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಮೈಸೂರು. ಅಲ್ಲಿಂದ ಗುಂಡ್ಲುಪೇಟೆ, ಬಂಡೀಪುರದ ಮೇಲೆ ಊಟಿ ಬಸ್ಸು. ಗೂಡಲೂರು ಬರುತ್ತಿದ್ದಂತೆ ಚಹಾ ತೋಟ ಶುರುವಾಯಿತು, ಬಸ್ಸಿನಲ್ಲಿದ್ದವರೆಲ್ಲ ಫೋನ್ ಹೊರತೆಗೆದರು. ಈ ಭಾಗದ ತೋಟಗಳಲ್ಲಿ ದುಡಿಯುವ ಎಷ್ಟೋ ಕುಟುಂಬಗಳು ಶ್ರೀಲಂಕಾದಿಂದ ಬಂದವು. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ನಂತರ ವಾಪಸ್ ಬಂದ ತಮಿಳರಿಗೆ ಕೆಲಸ ಕೊಡಲೆಂದೇ ತಮಿಳುನಾಡು ಸರ್ಕಾರ ಇಲ್ಲಿ ಚಹಾ ಹಾಕಿಸಿತು. ಅದೇ ಇವತ್ತಿನ ಸರ್ಕಾರಿ ಚಹಾ ಕಂಪನಿ ಟ್ಯಾನ್‌ಟೀ. ಹಸಿರು ಚಂದ ಕಾಣುತ್ತದೆ, ನಿಜ. ಆದರೆ ಆ ಗಿಡಗಳ ಹಿಂದೆ ಊರು ಕಳೆದುಕೊಂಡು ಬಂದವರ ಬದುಕೂ ಇದೆ ಎಂದು ಗೊತ್ತಿದ್ದರೆ ನೋಡುವ ಕಣ್ಣೇ ಬೇರೆಯಾಗುತ್ತದೆ.

ಊಟಿಯಲ್ಲಿ ನಾವು ನಿಲ್ಲಲಿಲ್ಲ. ಬಸ್ಸು ಬದಲಿಸಿ ದೊಡ್ಡಬೆಟ್ಟದ ಕಡೆಯಿಂದ ಸುಮಾರು 30 ಕಿಲೋಮೀಟರ್ ಇಳಿದರೆ ಕೋಟಗಿರಿ. 1819ರಲ್ಲಿ ಬೆಟ್ಟ ಹತ್ತಿ ಬಂದ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಮನೆ ಕಟ್ಟಿಕೊಂಡದ್ದು ಇಲ್ಲೇ ಹತ್ತಿರದ ಕನ್ನೇರಿಮುಕ್ಕುವಿನಲ್ಲಿ.

ಹಟ್ಟಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿವೆ. ಹಿತ್ತಲು ಮುಗಿಯುವಲ್ಲಿ ಚಹಾ ಗಿಡ ಶುರು. ನಾವು ಬಾಗಿಲಿಗೆ ಹೋದಾಗ ಗೆಳೆಯನ ತಾಯಿ ಹೊರಗೆ ಬಂದರು. ಬಿಳಿ ಸೀರೆ, ತಲೆಗೆ ಬಿಳಿ ಬಟ್ಟೆ. ಗೆಳೆಯ ತಲೆ ಬಗ್ಗಿಸಿದ, ಅವರು ಅವನ ನೆತ್ತಿಯ ಮೇಲೆ ಕೈ ಇಟ್ಟು ಹರಸಿದರು. ನಾನೂ ಬಗ್ಗಿದೆ. ಆಮೇಲೆ ಮನೆಯ ಮಕ್ಕಳು ಒಬ್ಬೊಬ್ಬರಾಗಿ ಕಾಕಾನ ಮುಂದೆ ಬಂದು ತಲೆ ಬಗ್ಗಿಸಿ ನಿಂತವು. ಕಾಕಾ ಒಂದು ಗಳಿಗೆ ತಡೆದು, ಪ್ರತಿ ಮಗುವಿನ ತಲೆಯ ಮೇಲೂ ಕೈ ಇಟ್ಟರು. ಇಲ್ಲಿ ಹಿರಿಯರನ್ನು ಕಂಡರೆ ಮಾಡುವ ನಮಸ್ಕಾರವೇ ಇದು. ಅಷ್ಟರಲ್ಲೇ ನಾವು ಆ ಮನೆಯವರಾಗಿಬಿಟ್ಟೆವು.

ಅವರ ಬಡಗ ಮಾತು ನಿಧಾನಕ್ಕೆ ಆಡಿದರೆ ನಮಗೆ ಅರ್ಧ ತಿಳಿಯುತ್ತಿತ್ತು. ಉಳಿದದ್ದು ನಗು, ಕೈಸನ್ನೆ. ವಿಜಯನಗರ ಬಿದ್ದ ಮೇಲೆ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಬಡಗರು ಎಂದು ಎಷ್ಟೋ ಜನ ಬರೆದಿದ್ದಾರೆ. ಅದನ್ನು ಒಪ್ಪದ ಬಡಗರೂ ಇದ್ದಾರೆ. ವಿಜಯನಗರದ ಹಳೆಯ ರಾಜಧಾನಿ ಆನೆಗೊಂದಿ ನಮಗೆ ಹತ್ತಿರ, ಹಾಗಾಗಿ ಕಾಕಾನಿಗೆ ಆ ಮಾತು ಬಹಳ ಹಿಡಿಸಿತು. ರಾತ್ರಿಯಿಡೀ ಅದನ್ನೇ ಕೇಳಿದರು. ಬಡಗರ ದೇವತೆ ಹೆತ್ತೆಯ ಹಬ್ಬ ಹತ್ತಿರ ಬಂದಿತ್ತು. ಮನೆಯಲ್ಲಿ ಅದರದೇ ಮಾತು.

ಬೆಳಿಗ್ಗೆ ಮಂಜು ಪೂರ್ತಿ ಸರಿಯುವ ಮುಂಚೆಯೇ ತೋಟಕ್ಕೆ ಹೋದೆವು. ಹೆಂಗಸರು ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡಿದ್ದರು, ಇಬ್ಬನಿಗೆ ಬಟ್ಟೆ ನೆನೆಯದಿರಲಿ ಎಂದು. ಒಂದು ಕುಡಿ, ಎರಡು ಎಲೆ. ಅದನ್ನು ಬೆರಳ ತುದಿಯಲ್ಲಿ ಹಿಡಿದು ಪಟ್ ಅಂತ ಮುರಿಯಬೇಕು. ನಾನು ಒಂದು ಸಾಲು ಮುಗಿಸುವಷ್ಟರಲ್ಲಿ ಹೆಬ್ಬೆರಳು ಕಪ್ಪಾಗಿತ್ತು. ಪಕ್ಕದಲ್ಲಿದ್ದ ಅಕ್ಕನ ಬೆರಳುಗಳಲ್ಲಿ ಆ ಕಪ್ಪು ಗೆರೆಗೆರೆಯಾಗಿ ಒಳಗೇ ಇಳಿದುಬಿಟ್ಟಿತ್ತು. ಈಗ ಕೂಲಿಯವರು ಸಾಲದೆ, ಚೀಲ ಕಟ್ಟಿದ ದೊಡ್ಡ ಕತ್ತರಿಯಲ್ಲೂ ಕತ್ತರಿಸುತ್ತಾರೆ. ಅದರಲ್ಲಿ ಕೆಲಸ ಬೇಗ ಆಗುತ್ತದೆ, ಆದರೆ ಬಲಿತ ಎಲೆಯೂ ಸೇರಿಕೊಳ್ಳುತ್ತದೆ.

ಚಹಾ ಗಿಡ ಸುಮ್ನೆ ಬಿಟ್ಟರೆ ಮರವಾಗುತ್ತದಂತೆ. ಸೊಂಟದ ಮಟ್ಟಕ್ಕೆ ನಿಲ್ಲಿಸಲು 4-5 ವರ್ಷಕ್ಕೊಮ್ಮೆ ಬೋಳು ಕಡಿಯುತ್ತಾರೆ. ಕಿತ್ತ ಜಾಗದಲ್ಲಿ ಒಂದೆರಡು ವಾರಕ್ಕೆ ಮತ್ತೆ ಕುಡಿ. ಕಾಕಾನಿಗೆ ಇದು ಬಹಳ ಇಷ್ಟವಾಯಿತು. ನಮ್ಮದು ಕಾಲುವೆ ನೀರು ನಂಬಿದ ಬೆಳೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ನಮ್ಮ ಕಡೆ ಯಾರಿಗೂ ನಿದ್ದೆ ಇರಲಿಲ್ಲ. ಇವರಿಗೆ ವರ್ಷವಿಡೀ ಎಲೆ, ವರ್ಷವಿಡೀ ಕೈಯಲ್ಲಿ ಒಂದಿಷ್ಟು ದುಡ್ಡು. "ಹಿಂಗಿದ್ರ ಚಲೋನ ಐತಲ್ಲೋ" ಎಂದರು.

ಆ ಮಾತು ಮಧ್ಯಾಹ್ನದವರೆಗೆ ಮಾತ್ರ ಉಳಿಯಿತು.

ರಸ್ತೆ ಬದಿಯ ಶೆಡ್ಡಿಗೆ ಎಲೆ ತುಂಬಿದ ಚೀಲಗಳು ಬಂದವು. ಗೆಳೆಯ ಒಂದು ಚೀಲದೊಳಗೆ ನನ್ನ ಕೈ ಹಾಕಿಸಿದ. ಒಳಗೆ ಬೆಚ್ಚಗಿತ್ತು! ಒತ್ತಿ ತುಂಬಿದರೆ ಎಲೆ ಬಿಸಿಯೇರಿ ಕೆಂಪಾಗುತ್ತದೆ, ಆಮೇಲೆ ಬೆಲೆ ಇಲ್ಲ. ಬೆಳಿಗ್ಗೆ ಕಿತ್ತದ್ದು ಅವತ್ತೇ ಫ್ಯಾಕ್ಟರಿ ಸೇರಬೇಕು. ಕಾಕಾ ತಾವೂ ಒಂದು ಚೀಲದೊಳಗೆ ಕೈ ಇಟ್ಟುಕೊಂಡು ನಿಂತರು. "ನಾವು ಭತ್ತ ಗೋದಾಮಿನ್ಯಾಗ ಇಟ್ಟು ರೇಟ್ ನೋಡ್ಕೊಂಡು ಮಾರ್ತೀವಿ. ಇವ್ರ ಎಲಿ ಒಂದ್ ರಾತ್ರಿನೂ ಕಾಯಂಗಿಲ್ಲಲ್ಲೋ ತಮ್ಮಾ" ಎಂದರು.

ಕಷ್ಟ ಇರುವುದು ಅಲ್ಲೇ. ತೂಕ ಹಾಕುವಾಗಲೇ ಎಲೆಯ ದುಡ್ಡು ಕೈಗೆ ಬರುವುದಿಲ್ಲ. ಕೂನೂರಿನ ಹರಾಜಿನಲ್ಲಿ ಚಹಾಪುಡಿ ಎಷ್ಟಕ್ಕೆ ಹೋಯಿತು ಎನ್ನುವುದರ ಮೇಲೆ ಹಸಿ ಎಲೆಯ ದರ ನಿಂತಿದೆ. ಆ ದರ ಬೇಡ ಅಂದರೆ ಎಲೆಯನ್ನು ಎಲ್ಲಿಡುತ್ತಾರೆ? 2023ರಲ್ಲಿ ಕೆಜಿಗೆ 33 ರೂಪಾಯಿ 50 ಪೈಸೆ ಬೇಕೆಂದು ಇಲ್ಲಿನ ಸಣ್ಣ ಬೆಳೆಗಾರರು ಉಪವಾಸ ಕೂತಿದ್ದರು. ನಮ್ಮ ಭತ್ತಕ್ಕೆ ಕೇಂದ್ರ ಸರ್ಕಾರ ಬೆಂಬಲ ಬೆಲೆಯನ್ನಾದರೂ ಹೇಳುತ್ತದೆ, 2024-25ಕ್ಕೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲ್‌ಗೆ 2,300. ಹಸಿ ಎಲೆಗೆ ಹಾಗೆ ಇಲ್ಲ.

ಸಂಜೆ ಎಲೆಯ ಹಿಂದೆಯೇ ಫ್ಯಾಕ್ಟರಿಗೆ ಹೋದೆವು. ಉದ್ದನೆಯ ತೊಟ್ಟಿಗಳಲ್ಲಿ ಎಲೆ ಹರಡಿ ಕೆಳಗಿನಿಂದ ಫ್ಯಾನ್ ಬಿಡುತ್ತಾರೆ. 12ರಿಂದ 18 ಗಂಟೆ ಹಾಗೇ ಬಾಡಬೇಕು. ಆಮೇಲೆ ಹಲ್ಲಿರುವ ರೋಲರ್‌ಗಳ ನಡುವೆ ಸಿಕ್ಕು ಹರಿದು ಕಾಳಾಗುತ್ತದೆ. ಹೊರಬಂದಾಗ ಇನ್ನೂ ಹಸಿರು. ಗಾಳಿ ತಾಗುತ್ತಾ ತಾಗುತ್ತಾ ತಾಮ್ರದ ಬಣ್ಣ. ನಂತರ ಬಿಸಿ ಗಾಳಿಯಲ್ಲಿ ಒಣಗಿದರೆ ನಮಗೆ ಗೊತ್ತಿರುವ ಕಪ್ಪು ಚಹಾ. 4 ಕೆಜಿಗಿಂತ ಜಾಸ್ತಿ ಹಸಿ ಎಲೆ ಹೋದರೆ 1 ಕೆಜಿ ಪುಡಿ. ಜರಡಿಯಲ್ಲಿ ಕೊನೆಗೆ ಇಳಿಯುವ ಸಣ್ಣ ಕಾಳೇ ಡಸ್ಟ್. ಅದು ಕಸವಲ್ಲ, ಒಂದು ಗ್ರೇಡ್. ನಮ್ಮ ಹೋಟೆಲುಗಳ ಖಡಕ್ ಚಹಾ ಇದರಿಂದಲೇ.

ಬೆಳೆಗಾರರೇ ಸದಸ್ಯರಾಗಿರುವ ಇಂಥ 16 ಸಹಕಾರಿ ಫ್ಯಾಕ್ಟರಿಗಳು ಇಂಡ್ಕೋಸರ್ವ್ ಎಂಬ ಒಕ್ಕೂಟದಲ್ಲಿವೆ. 1965ರಿಂದ ನಡೆಯುತ್ತಿದೆ. ಚಹಾ ಕೊಳ್ಳುವುದಿದ್ದರೆ ಟೂರಿಸ್ಟ್ ಅಂಗಡಿ ಬಿಟ್ಟು ಇವರದ್ದನ್ನು ಕೊಳ್ಳಿ. ಕಾಕಾ ಬೀಗರಿಗೆಲ್ಲ ಸೇರಿ ಒಂದು ಚೀಲವನ್ನೇ ತಂದಿದ್ದಾರೆ.

ಹೋಗುವವರಿಗೆ ಒಂದೆರಡು ಮಾತು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಹಗಲೇ ದಾಟಿ. 2024ರ ಮೇ ತಿಂಗಳಿಂದ ನೀಲಗಿರಿಗೆ ಸ್ವಂತ ಗಾಡಿಯಲ್ಲಿ ಹೋಗಲು ಇ-ಪಾಸ್ ಪದ್ಧತಿ ಬಂದಿದೆ, ಹೊರಡುವ ಮುಂಚೆ ವಿಚಾರಿಸಿ. ತೋಟದಲ್ಲಿ ಕಾಡೆಮ್ಮೆಗಳು ಆರಾಮಾಗಿ ಓಡಾಡುತ್ತವೆ, ಕೀಳುವವರು ಸರಿದು ನಿಂತರೆ ನೀವೂ ಸರಿದು ನಿಲ್ಲಿ. ಕೇಳದೆ ಸಾಲಿನೊಳಗೆ ನುಗ್ಗಬೇಡಿ. ಕೇಳಿ ಹೋದರೆ ಖಂಡಿತ ಒಂದು ಕುಡಿ ಕೀಳಲು ಕಲಿಸಿಯೇ ಕಳಿಸುತ್ತಾರೆ.